ಸಣ್ಣ ಕಾಗದ, ದೊಡ್ಡ ಕಾಗದ

ನಮ್ಮಪ್ಪನ ಸಂಬಳ ತಿಂಗಳಿಗೆ ಮುನ್ನೂರ ಹತ್ತು ರೂಪಾಯಿ. ಈ ಅಂಕಿಯನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ಆ ಕಾಲದಿಂದ ಉಳಿದಿರುವ ಯಾವ ಕಾಗದದಲ್ಲೂ ಅದು ಇಲ್ಲ. ಅಪ್ಪನ ಹೆಸರು, ಕೆಲಸ, ಕಾರ್ಖಾನೆಯ ವಿಳಾಸ ಇರುವ ಎರಡು ಪತ್ರಗಳ ಕಾರ್ಬನ್ ಪ್ರತಿಗಳು ನನ್ನ ಬಳಿ ಇವೆ. ಒಂದರಲ್ಲಿ ಸಂಬಳ ಇನ್ನೂರ ನಲವತ್ತು ಎಂದಿದೆ. ಇನ್ನೊಂದರಲ್ಲಿ ನಾನೂರ ಮೂವತ್ತು. ಎರಡರ ಕೆಳಗೂ ಒಬ್ಬರದೇ ಸಹಿ, ಒಂದೇ ಮೊಹರು. ಎರಡರ ಕರಡನ್ನೂ ಬರೆದವನು ನಾನು.

ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ನಾವು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿದ್ದೆವು. ಎಂಟು ಮನೆ, ಒಂದು ನಲ್ಲಿ, ಎರಡು ಕಕ್ಕಸು. ನಮ್ಮ ಪಾಲಿಗೆ ಒಂದು ಕೋಣೆ, ಅದರ ಹಿಂದೆ ಒಲೆ ಇಡುವಷ್ಟು ಜಾಗ. ಬಾಡಿಗೆ ನಲವತ್ತೈದು. ಅಪ್ಪ, ಅಮ್ಮ, ಹೈಸ್ಕೂಲಿಗೆ ಹೋಗುತ್ತಿದ್ದ ತಂಗಿ ಮತ್ತು ನಾನು. ನಲ್ಲಿಯಲ್ಲಿ ನೀರು ಬೆಳಿಗ್ಗೆ ಐದಕ್ಕೆ ಬಂದು ಏಳಕ್ಕೆ ನಿಲ್ಲುತ್ತಿತ್ತು. ಸಾಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಕೊಡಗಳು ನಿಲ್ಲುತ್ತಿದ್ದವು. ಕೊಡದ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಚೂರಿನಿಂದ ಯಾವುದು ಯಾರದೆಂದು ಗೊತ್ತಾಗುತ್ತಿತ್ತು. ಅಮ್ಮನದು ಹಸಿರು ಚೂರು. ಯಾರಾದರೂ ಹಸಿರು ಚೂರಿನ ಕೊಡವನ್ನು ಎರಡು ಕೊಡದಷ್ಟು ಹಿಂದಕ್ಕೆ ಸರಿಸಿಬಿಟ್ಟರೆ ಆ ದಿನವಿಡೀ ವಠಾರದಲ್ಲಿ ಬಾಯಿಗೆ ಬಿಡುವಿರುತ್ತಿರಲಿಲ್ಲ.

"ನಂಗೆ ಬಂಗ್ಲೆ ಬೇಡ," ಎನ್ನುತ್ತಿದ್ದಳು ಅಮ್ಮ. "ನಂದೇ ಅಂತ ಒಂದು ನಲ್ಲಿ. ಬೇಕಾದಾಗ ತಿರುಗಿಸ್ಬೇಕು, ಬೇಡ ಅಂದಾಗ ನಿಲ್ಲಿಸ್ಬೇಕು. ಅಷ್ಟು ಸಾಕು."

ಅಪ್ಪ ಪಾಳ್ಯದಲ್ಲೇ ಇದ್ದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಮೇಸ್ತ್ರಿ. ನಾಲ್ಕು ಪವರ್ ಪ್ರೆಸ್ಸು, ಏಳು ಜನ. ತಗಡಿನ ಪಟ್ಟಿಯನ್ನು ಅಚ್ಚಿನ ಕೆಳಗೆ ಸರಿಸಿ ಪೆಡಲ್ ತುಳಿದರೆ ಮೇಲಿನ ಭಾರ ಒಮ್ಮೆ ಬಿದ್ದೇಳುತ್ತಿತ್ತು, ಸ್ವಿಚ್ಚಿನೊಳಗೆ ಕೂರುವ ಸಣ್ಣ ಬಿಲ್ಲೆ ಕತ್ತರಿಸಿ ಬೀಳುತ್ತಿತ್ತು. ಅಚ್ಚು ಕೂರಿಸುವುದು, ಅದು ಕೂದಲೆಳೆಯಷ್ಟೂ ಅಲುಗದಂತೆ ಬಿಗಿಯುವುದು ಅಪ್ಪನ ಕೆಲಸ. ನಾನು ಆಗ ಒಂದು ದಿನಪತ್ರಿಕೆಯಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಟೆಂಪರರಿ. ತಿಂಗಳಿಗೆ ನೂರ ಹತ್ತು. "ಅಪ್ಪ ಮಗ ಇಬ್ರೂ ಅಚ್ಚಿನ ಕೆಲಸದವರೇ," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. "ಇವನದು ಕೈಗೆ ಮಸಿ, ನಂದು ಕೈಗೆ ಎಣ್ಣೆ."

ನಮ್ಮ ಪತ್ರಿಕೆಯ ಪ್ರೂಫ್ ವಿಭಾಗದ ಹಿರಿಯರು ಮೊದಲ ದಿನ ನನಗೆ ಹೇಳಿದ ಒಂದೇ ಪಾಠವನ್ನು ಇಲ್ಲಿ ದಾಖಲಿಸಬೇಕು. "ಪದ ತಪ್ಪಾದ್ರೆ ಓದೋನೇ ತಿದ್ಕೊಂಡು ಓದ್ತಾನೆ ಕಣಯ್ಯಾ. ಅಂಕಿ ತಪ್ಪಾದ್ರೆ ನಂಬಿಬಿಡ್ತಾನೆ. ಅಂಕಿ ಕಂಡ ಕಡೆ ಎರಡು ಸಲ ನಿಂತ್ಕೋ."

ಮಾಗಡಿ ರಸ್ತೆಯಿಂದ ದಕ್ಷಿಣಕ್ಕೆ ನಡೆದರೆ ಅರ್ಧ ಗಂಟೆಯಲ್ಲಿ ವಿಜಯನಗರ. ನಮ್ಮ ಕಡೆಯವರು ಅದನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಎಕ್ಸ್‌ಟೆನ್ಶನ್ನು’ ಎನ್ನುತ್ತಿದ್ದರು. ಅಗಲ ರಸ್ತೆ, ಗೇಟು, ಗೇಟಿನ ಮೇಲೆ ಹೆಸರಿನ ಹಲಗೆ. ಅಲ್ಲಿ ಮಾಸ್ತರು, ಗುಮಾಸ್ತರು, ಬ್ಯಾಂಕಿನವರು ಮನೆ ಕಟ್ಟುತ್ತಿದ್ದರು. ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ಅಲ್ಲಿನ ಆರ್‌ಪಿಸಿ ಲೇಔಟಿನಲ್ಲಿ ಬಾಡಿಗೆಗಿದ್ದ ಒಂದು ಮನೆ ನೋಡಲು ಹೋದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಮನೆಯ ಯಜಮಾನರು ಗೇಟು ತೆರೆಯದೆ, ಅದರ ಮೇಲೆ ಕೈಯಿಟ್ಟು ನಿಂತು ಕೇಳಿದರು:

"ಎಲ್ಲಿ ಕೆಲಸ?"

"ಫ್ಯಾಕ್ಟರೀಲಿ ಸಾರ್. ಮೇಸ್ತ್ರಿ."

"ಕೈಗೆ ಎಷ್ಟು ಬರುತ್ತೆ?"

"ಮುನ್ನೂರ ಹತ್ತು."

"ಈ ಮನೆ ಬಾಡಿಗೆ ನೂರ ಎಂಬತ್ತು. ಊಟಕ್ಕೇನ್ ಮಾಡ್ತೀರಿ?" ಅವರು ಒರಟಾಗೇನೂ ಕೇಳಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವಂತೆ ಕೇಳಿದರು. ಅಪ್ಪ ಕೈ ಮುಗಿದು ಹಿಂತಿರುಗಿದರು. ಮನೆ ಹತ್ತಿರ ಬಂದಾಗ, "ಕೈಗೆ ಎಷ್ಟು ಬರುತ್ತೆ ಅಂತ ಕೇಳ್ದ ನೋಡು. ಕೈಯಿಂದ ಏನ್ ಬರುತ್ತೆ ಅಂತ ಯಾವನೂ ಕೇಳಲ್ಲ," ಎಂದರು.

ಆ ವರ್ಷವೇ ವಿಜಯನಗರದ ಪಕ್ಕದ ಮಾರೇನಹಳ್ಳಿಯ ಆಚೆ, ಇನ್ನೂ ರಾಗಿ ಹೊಲದ ಬದುಗಳು ಕಾಣುತ್ತಿದ್ದ ಕಡೆ, ಸರ್ಕಾರದವರು ಕಡಿಮೆ ವರಮಾನದವರಿಗೆಂದು ಸಾಲು ಮನೆ ಕಟ್ಟಿದರು. ಒಂದು ನಡುಮನೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು, ಹಿತ್ತಲಲ್ಲಿ ನಲ್ಲಿ. ಅರ್ಜಿ ಹಾಕಿದವರ ಹೆಸರನ್ನು ಚೀಟಿ ಎತ್ತಿ ಹಂಚುವುದೆಂದಿತ್ತು. ಅರ್ಜಿಯ ಫಾರಂ ತಂದವನು ನಾನು. ಅದರ ನಾಲ್ಕನೇ ಅಂಕಣದಲ್ಲಿ ಅರ್ಜಿದಾರನ ತಿಂಗಳ ವರಮಾನ ಬರೆದು, ಕೆಲಸ ಕೊಟ್ಟವರಿಂದ ಪತ್ರ ಲಗತ್ತಿಸಬೇಕಿತ್ತು. ವರಮಾನ ಇನ್ನೂರ ಐವತ್ತು ಮೀರಿದವರು ಅರ್ಜಿ ಹಾಕುವಂತಿರಲಿಲ್ಲ.

"ಅರವತ್ತು ರೂಪಾಯಿ ಜಾಸ್ತಿ ದುಡೀತೀನಿ ಅಂತ ಮನೆ ಇಲ್ವಾ?" ಎಂದರು ಅಪ್ಪ.

ಹೌದು ಎಂದೆ. ಎಕ್ಸ್‌ಟೆನ್ಶನ್ನಿನ ಬಾಡಿಗೆಗೆ ಅವರ ಸಂಬಳ ಸಾಲದು, ಬಡವರ ಮನೆಗೆ ಅದು ಹೆಚ್ಚು. ನಾವು ಕೂತಿದ್ದ ಚಾಪೆಯ ಮೇಲೆ ಫಾರಂ ಬಿದ್ದಿತ್ತು. ಆಗ ನಾನೇ ಹೇಳಿದೆ. ಈ ಮಾತನ್ನು ಬೇರೆ ಯಾರ ಬಾಯಿಗೂ ಹಾಕಲಾರೆ. "ನಿಮ್ಮ ಯಜಮಾನ್ರ ಹತ್ರ ಇನ್ನೂರ ನಲವತ್ತು ಅಂತ ಬರೆಸ್ಕೊಂಡ್ರೆ ಆಯ್ತಲ್ಲಪ್ಪ. ಸರಿಯಾಗಿ ಇನ್ನೂರ ಐವತ್ತು ಅಂತ ಬರೆದ್ರೆ ಅನುಮಾನ ಬರುತ್ತೆ." ಅಂಕಿ ಕಂಡ ಕಡೆ ಎರಡು ಸಲ ನಿಲ್ಲುವುದನ್ನು ಕಲಿತಿದ್ದೆ. ಎರಡು ಸಲ ನಿಂತೇ ಆ ಅಂಕಿಯನ್ನು ಆರಿಸಿದೆ.

ಕಾರ್ಖಾನೆಯ ಯಜಮಾನರು ದಾವಣಗೆರೆ ಕಡೆಯವರು. ಹಣೆಯ ಮೇಲೆ ವಿಭೂತಿ ಇಲ್ಲದೆ ಕಾರ್ಖಾನೆಯ ಬೀಗ ತೆಗೆದವರಲ್ಲ. ಅಪ್ಪನನ್ನು ಕೂರಿಸಿಯೇ ಮಾತನಾಡಿಸುತ್ತಿದ್ದರು. ವಿಷಯ ಕೇಳಿ ನಕ್ಕರು.

"ಅಲ್ರೀ ಮೇಸ್ತ್ರಿ, ಎಲ್ಲಾರೂ ಸಂಬಳ ಜಾಸ್ತಿ ಮಾಡ್ರಿ ಅಂತ ಬರ್ತಾರ, ನೀವು ಕಡಿಮಿ ಮಾಡ್ರಿ ಅಂತ ಬಂದೀರಲ್ಲ! ಇಂಥ ಮನುಷ್ಯರು ನಂಗ ಏಳು ಮಂದೀನೂ ಇರಬೇಕಿತ್ತು ನೋಡ್ರಿ."

ಪತ್ರ ಸಿಕ್ಕಿತು. ಆದರೆ ಯಜಮಾನರು ಒಂದು ಮಾತು ಸೇರಿಸಿದರು. ಯಾರಾದರೂ ವಿಚಾರಣೆಗೆ ಬಂದರೆ ಪತ್ರದಲ್ಲಿ ಒಂದು, ಸಂಬಳದ ಪುಸ್ತಕದಲ್ಲಿ ಒಂದು ಇರಬಾರದು. ಇನ್ನು ಮೇಲೆ ಪುಸ್ತಕದಲ್ಲೂ ಇನ್ನೂರ ನಲವತ್ತೇ ಬರೆಯೋಣ, ಉಳಿದ ಎಪ್ಪತ್ತು ಬೇರೆಯಾಗಿ ಕೈಗೆ ಕೊಡುತ್ತೇನೆ ಎಂದರು. ಅಪ್ಪನಿಗೆ ಇದು ನ್ಯಾಯವಾಗಿಯೇ ಕಂಡಿತು. ನನಗೂ. ಆ ತಿಂಗಳಿಂದ ಅವರು ಇನ್ನೂರ ನಲವತ್ತಕ್ಕೆ ಸಹಿ ಹಾಕಿ ಮುನ್ನೂರ ಹತ್ತು ತರತೊಡಗಿದರು. ಯಜಮಾನರು ಒಂದು ತಿಂಗಳೂ ಎಪ್ಪತ್ತು ರೂಪಾಯಿ ತಪ್ಪಿಸಲಿಲ್ಲ. ಅದನ್ನೂ ಬರೆಯಬೇಕು.

ಚೀಟಿಯಲ್ಲಿ ಅಪ್ಪನ ಹೆಸರು ಬಂತು. ಅಮ್ಮ ಎಂಟೂ ಮನೆಗೆ ಸಕ್ಕರೆ ಹಂಚಿದಳು. ಪಕ್ಕದ ಮನೆಯಾಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, "ಹಾಗಾದ್ರೆ ನಲ್ಲಿ ಸಾಲಿನಲ್ಲಿ ಒಂದು ಕೊಡ ಕಮ್ಮಿ ಆಯ್ತು ಬಿಡಿ," ಎಂದರು. ಅವರ ಸಂತೋಷವೂ ಸುಳ್ಳಲ್ಲ.

ಮನೆ ಸುಮ್ಮನೆ ಕೊಡುತ್ತಿರಲಿಲ್ಲ. ಬೆಲೆ ಕಟ್ಟಬೇಕು. ಅಪ್ಪ ಚೀಟಿ ಫಂಡಿಗೆ ಕಟ್ಟಿ ಉಳಿಸಿದ್ದ ದುಡ್ಡು, ಅಮ್ಮನ ಎರಡು ಬಳೆ ಸೇರಿಸಿದರೂ ಮುಕ್ಕಾಲು ಪಾಲು ಉಳಿಯುತ್ತಿತ್ತು. ಅದಕ್ಕೆ ಮನೆ ಸಾಲ ಕೊಡುವ ಒಂದು ಸಹಕಾರ ಸಂಘಕ್ಕೆ ಹೋದೆವು. ಅಲ್ಲಿನ ಗುಮಾಸ್ತರು ಲೆಕ್ಕ ಹಾಕಿ, ಹನ್ನೆರಡು ವರ್ಷ, ತಿಂಗಳಿಗೆ ನೂರ ನಲವತ್ತು ಕಂತು ಎಂದರು. ಆಮೇಲೆ ಕನ್ನಡಕ ಹಣೆಗೇರಿಸಿ, "ಕಂತು ಸಂಬಳದಲ್ಲಿ ಮೂರನೇ ಒಂದು ಭಾಗ ಮೀರಬಾರದು. ಕನಿಷ್ಠ ನಾನೂರ ಇಪ್ಪತ್ತು ಸಂಬಳ ಇರಬೇಕು ನಿಮಗೆ. ಇದೆಯಾ?" ಎಂದರು.

ಅಪ್ಪ ನನ್ನ ಮುಖ ನೋಡಿದರು. "ಇದೆ ಸಾರ್," ಎಂದೆ ನಾನು.

ಯಜಮಾನರ ಬಳಿ ಎರಡನೇ ಸಲ ಹೋದಾಗ ಅವರು ನಗಲಿಲ್ಲ. "ಮೇಸ್ತ್ರಿ, ಒಂದ್ ಕಡೆ ನೀವು ಬಡವ್ರು, ಇನ್ನೊಂದ್ ಕಡೆ ಸಾವ್ಕಾರ್ರು. ಎರಡೂ ಕಾಗದ ಒಂದೇ ಮೇಜಿನ ಮ್ಯಾಲ ಬಂದ್ರ ಏನ್ ಮಾಡ್ತೀರಿ?"

"ಎರಡೂ ಬೇರೆ ಬೇರೆ ಆಫೀಸು ಯಜಮಾನ್ರೇ. ಒಂದಕ್ಕೊಂದು ಸಂಬಂಧ ಇಲ್ಲ," ಎಂದೆ ನಾನು. ಅವರು ಒಪ್ಪಿದರು.

ನಾನೂರ ಮೂವತ್ತು ಎಂದು ಕರಡು ಬರೆದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಒಯ್ದೆ. ಮೊದಲ ಪತ್ರ ಟೈಪ್ ಮಾಡಿದವರೇ ಅಲ್ಲಿದ್ದರು. ಬೆರಳು ನಿಲ್ಲಿಸಿ ನನ್ನನ್ನು ನೋಡಿದರು. "ಏನ್ ಸಾರ್, ನಾಲ್ಕು ತಿಂಗಳ ಹಿಂದೆ ಇನ್ನೂರ ನಲವತ್ತು, ಈಗ ನಾನೂರ ಮೂವತ್ತು! ನಿಮ್ಮ ಫ್ಯಾಕ್ಟರೀಲಿ ಕೆಲಸ ಖಾಲಿ ಇದ್ರೆ ನಂಗೂ ಸ್ವಲ್ಪ ಹೇಳಿ." ಅಲ್ಲಿದ್ದ ಹುಡುಗಿಯರು ನಕ್ಕರು. ನಾನೂ ನಕ್ಕೆ.

ಅಂದಿನಿಂದ ಮನೆಯಲ್ಲಿ ಅವಕ್ಕೆ ಹೆಸರು ಬಿತ್ತು: ಸಣ್ಣ ಕಾಗದ, ದೊಡ್ಡ ಕಾಗದ. ಅಮ್ಮ ಅವೆರಡರ ಪ್ರತಿಗಳನ್ನೂ ಟ್ರಂಕಿನಲ್ಲಿ ಬೇರೆ ಬೇರೆ ಸೀರೆಯ ಮಡಿಕೆಯೊಳಗೆ ಇಟ್ಟಳು. ಒಂದಕ್ಕೊಂದು ತಾಗಬಾರದೆಂದು ಅವಳಿಗೆ ಹೇಗೋ ಅನ್ನಿಸಿತ್ತು.

ಸಾಲ ಸಿಕ್ಕಿ ಮನೆ ಕೈಗೆ ಬಂತು. ಅಲ್ಲಿ ನಾವು ಬಾಳಿದ್ದು ಒಂದೂವರೆ ವರ್ಷ. ಹಾಲುಕ್ಕಿಸಿದ ದಿನ ಅಮ್ಮ ಮೊದಲು ಹೋದದ್ದು ಹಿತ್ತಲಿಗೆ. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಹಸಿರು ಚೂರನ್ನು ಕೊಡದ ಕುತ್ತಿಗೆಯಿಂದ ಬಿಚ್ಚಿ ಒಲೆಗೆ ಹಾಕಿದಳು. ಕೈಗೆ ಬರುವ ಮುನ್ನೂರ ಹತ್ತರಲ್ಲಿ ನೂರ ನಲವತ್ತು ಕಂತಿಗೆ ಹೋದರೆ ನೂರ ಎಪ್ಪತ್ತು ಉಳಿಯುತ್ತಿತ್ತು. ನನ್ನ ನೂರ ಹತ್ತು ಸೇರಿದರೆ ತಿಂಗಳು ತುಂಬುತ್ತಿತ್ತು, ಕಷ್ಟಪಟ್ಟು. ರಾತ್ರಿ ಗಂಜಿ, ತಂಗಿಗೆ ಒಂದೇ ಲಂಗ ಎಂಬಂಥ ತುಂಬುವಿಕೆ. ಆದರೂ ಅಪ್ಪ ಸಂಜೆ ಬಂದು ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಿದ್ದರು. ಬೀದಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅಲ್ಲಿಗೆ ಬಂದ ಹನ್ನೊಂದನೇ ತಿಂಗಳು ಪ್ರೆಸ್ಸು ಡಬಲ್ ಹೊಡೆಯಿತು. ಕೆಲಸಗಾರರ ಮಾತಿನಲ್ಲಿ ಅದಕ್ಕೆ ಅದೇ ಹೆಸರು. ಪೆಡಲ್ ಒಂದು ಸಲ ತುಳಿದರೆ ಭಾರ ಒಂದು ಸಲ ಬೀಳಬೇಕು. ಒಳಗಿನ ಹಿಡಿತ ಸವೆದಿದ್ದರೆ ಯಾರೂ ತುಳಿಯದೆ ಎರಡನೇ ಸಲವೂ ಬೀಳುತ್ತದೆ. ಅಪ್ಪ ಹೊಸದಾಗಿ ಕೂರಿಸಿದ ಅಚ್ಚನ್ನು ಪರೀಕ್ಷಿಸಲು ಒಂದು ಬಿಲ್ಲೆ ಹೊಡೆದು, ಅದನ್ನು ತೆಗೆಯಲು ಬಲಗೈ ಹಾಕಿದ್ದರು. ಹೆಬ್ಬೆರಳು ಉಳಿಯಿತು. ನಾಲ್ಕು ಬೆರಳು ಹೋದವು. ನನಗೆ ಇದನ್ನು ಹೇಳಿದ್ದು ಅವರ ಜೊತೆ ಕೆಲಸ ಮಾಡುತ್ತಿದ್ದವರು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅಪ್ಪ ಕೇಳಿದ ಮೊದಲ ಮಾತು, "ಇವತ್ತು ತಾರೀಕೆಷ್ಟು?" ಕಂತು ಕಟ್ಟುವ ದಿನಕ್ಕೆ ಇನ್ನೂ ಐದು ದಿನವಿತ್ತು.

ಯಜಮಾನರು ಆಸ್ಪತ್ರೆಗೆ ದಿನವೂ ಬಂದರು. ಔಷಧಿಯ ದುಡ್ಡು ಕೊಟ್ಟರು. ಒಂದು ವಾರ ಕಳೆದ ಮೇಲೆ ನನ್ನನ್ನು ಹೊರಗಿನ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು.

"ನೋಡಪ್ಪಾ, ಕೈ ಹೋದ್ರ ಕಾಯ್ದೆ ಪ್ರಕಾರ ಪರಿಹಾರ ಕೊಡಬೇಕು, ಕೊಡ್ತೀನಿ. ಅದು ಸಂಬಳದ ಲೆಕ್ಕದ ಮ್ಯಾಲ. ಪುಸ್ತಕದಾಗ ಇನ್ನೂರ ನಲವತ್ತು ಐತಿ. ನಿಮ್ಮಪ್ಪಾರದೇ ಸಹಿ ಐತಿ. ನಿಜಾನೇ ಹೇಳೂಣು ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಮುನ್ನೂರ ಹತ್ತು ಅಂತ ನಾನೂ ಹೇಳ್ತೀನಿ. ಆದ್ರ ಅದು ಕಾಗದದ ಮ್ಯಾಲ ಬಂದ್ರ ಮನಿ ಉಳೀತೈತೇನು? ನೀ ಓದಿದವ, ನೀನೇ ಹೇಳು."

ಅವರು ಹೇಳಿದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಕಡಿಮೆ ಅಂಕಿಯಿಂದ ಅವರಿಗೆ ಲಾಭವಿತ್ತು ಎಂಬುದು ನಿಜ. ಅದನ್ನು ಅವರ ಕೈಗೆ ಕೊಟ್ಟವರು ನಾವು ಎಂಬುದೂ ನಿಜ.

ಅಪ್ಪ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಮ್ಮ ಎರಡೂ ಕಾಗದಗಳನ್ನು ಟ್ರಂಕಿನಿಂದ ತೆಗೆದು ನನ್ನ ಮುಂದಿಟ್ಟಳು. ಅವು ಒಟ್ಟಿಗೆ ಇದ್ದುದನ್ನು ನಾನು ಆಗಲೇ ಮೊದಲು ನೋಡಿದ್ದು.

"ದೊಡ್ಡದು ತೋರಿಸಿದ್ರೆ ದುಡ್ಡು ಜಾಸ್ತಿ ಬರುತ್ತಲ್ಲೋ?" ಎಂದಳು.

"ಬರುತ್ತೆ. ಆದ್ರೆ ಅಷ್ಟು ಸಂಬಳ ಇದ್ದೋರು ಈ ಮನೆಗೆ ಹೇಗೆ ಅರ್ಜಿ ಹಾಕಿದ್ರಿ ಅಂತಾರೆ. ಮನೆ ವಾಪಸ್ ತಗೋತಾರೆ."

"ಸಣ್ಣದು ತೋರಿಸಿದ್ರೆ?"

"ದುಡ್ಡು ಕಮ್ಮಿ ಬರುತ್ತೆ. ಮನೆ ಉಳಿಯುತ್ತೆ."

"ನಿಜ ಹೇಳಿದ್ರೆ?"

"ನಿಜ ಹೇಳಿದ್ರೂ ಮನೆ ಹೋಗುತ್ತಮ್ಮ. ಇನ್ನೂರ ಐವತ್ತು ಮೀರುತ್ತೆ."

ಅಮ್ಮ ಕಾಗದಗಳನ್ನು ಮಡಿಸಿದಳು. ಅಪ್ಪ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆಯೆಂದುಕೊಂಡಿದ್ದೆವು. "ಮನೆ ಹೋದ್ರೆ ಇವಳು ಮತ್ತೆ ಕೊಡ ಹಿಡ್ಕೊಂಡು ನಿಲ್ಬೇಕು," ಎಂದರು, ಕಣ್ಣು ತೆರೆಯದೆ.

ಪರಿಹಾರ ತೀರ್ಮಾನಿಸುವ ಅಧಿಕಾರಿಯ ಕೋಣೆಯಲ್ಲಿ ಒಂದು ಬೆಂಚು, ಒಂದು ಮೇಜು, ಕಿಟಕಿಯ ಮೇಲೆ ಕಟ್ಟಿದ ಕಡತಗಳು. ಅಧಿಕಾರಿ ನಡುವಯಸ್ಸಿನವರು. ಅಪ್ಪ, ನಾನು ಮತ್ತು ಯಜಮಾನರು ಬೆಂಚಿನ ಮೇಲೆ ಕೂತಿದ್ದೆವು. ಅಧಿಕಾರಿ ಸಂಬಳದ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ತಿರುವಿದರು. ಒಂದು ಪುಟದಲ್ಲಿ ನಿಂತರು. ಬೆರಳಿಟ್ಟು ಮತ್ತೆ ಓದಿದರು. ಆ ಪುಟ ಮುನ್ನೂರ ಹತ್ತು ಇದ್ದಕ್ಕಿದ್ದಂತೆ ಇನ್ನೂರ ನಲವತ್ತಾದ ತಿಂಗಳಿನದು ಎಂದುಕೊಂಡೆ. ಆದರೆ ಅದಕ್ಕೂ ಹಿಂದಿನ ತಿಂಗಳುಗಳ ಹಾಳೆ ಆ ಪುಸ್ತಕದಲ್ಲಿ ಇರಲಿಲ್ಲ. ಹೊಸ ಪುಸ್ತಕವೇ ಇನ್ನೂರ ನಲವತ್ತರಿಂದ ಶುರುವಾಗಿತ್ತು. ಹೀಗಾಗಿ ಅಪ್ಪನ ನಿಜವಾದ ಸಂಬಳ ಅಲ್ಲಿಯೂ ಇರಲಿಲ್ಲ.

"ಎಷ್ಟು ವರ್ಷ ಆಯ್ತು ಇಲ್ಲಿ ಕೆಲಸಕ್ಕೆ ಸೇರಿ?"

"ಹದಿನಾಲ್ಕು ವರ್ಷ ಸಾರ್."

"ಹದಿನಾಲ್ಕು ವರ್ಷದ ಮೇಸ್ತ್ರಿಗೆ ಇನ್ನೂರ ನಲವತ್ತಾ?" ಅವರು ಯಜಮಾನರನ್ನು ನೋಡಿದರು, ಮತ್ತೆ ಅಪ್ಪನನ್ನು. "ನೋಡಿ, ಹೆದರ್ಕೋಬೇಡಿ. ಓನರ್ ಪಕ್ಕದಲ್ಲಿದ್ದಾರೆ ಅಂತ ಸುಮ್ಮನಿರಬೇಡಿ. ಬೇಕಾದ್ರೆ ಅವರನ್ನ ಹೊರಗೆ ಕಳಿಸ್ತೀನಿ. ಕೈಗೆ ನಿಜವಾಗಿ ಎಷ್ಟು ಬರ್ತಿತ್ತು?"

ಅಪ್ಪನ ಬಲಗೈ ತೊಡೆಯ ಮೇಲೆ ಇತ್ತು, ಅಮ್ಮನ ಹಳೆಯ ಸೀರೆಯ ತುಂಡು ಸುತ್ತಿದ್ದು. ಅವರು ನನ್ನ ಕಡೆ ತಿರುಗಿದರು. ನಾನು ಮೇಜಿನ ಕಾಲು ನೋಡುತ್ತಿದ್ದೆ. ಯಜಮಾನರೂ ಬೇರೆಲ್ಲೋ ನೋಡುತ್ತಿದ್ದರು. ಆ ಕೋಣೆಯಲ್ಲಿ ಅಪ್ಪನ ಪರವಾಗಿದ್ದವರು ಆ ಅಧಿಕಾರಿ ಒಬ್ಬರೇ ಎಂದು ಈಗ ಅನ್ನಿಸುತ್ತದೆ.

"ಇನ್ನೂರ ನಲವತ್ತೇ ಸಾರ್," ಎಂದರು ಅಪ್ಪ. "ಯಜಮಾನ್ರು ಒಳ್ಳೆಯವರು."

ಅಧಿಕಾರಿ ಬರೆದುಕೊಂಡರು. ಸಹಿ ಹಾಕಿ ಎಂದು ಹಾಳೆ ತಿರುಗಿಸಿದರು. ಅಪ್ಪ ಎಡಗೈಯಲ್ಲಿ ಲೇಖನಿ ಹಿಡಿದು ನೋಡಿದರು. ಆಗಲಿಲ್ಲ. ಕನ್ನಡದಲ್ಲಿ ದುಂಡಗೆ, ಕೊನೆಯ ಅಕ್ಷರದ ಕೆಳಗೆ ಒಂದು ಗೆರೆ ಎಳೆದು ಸಹಿ ಹಾಕುತ್ತಿದ್ದವರು ಅವರು. ವಠಾರದಲ್ಲಿ ಹೆಬ್ಬೆಟ್ಟು ಒತ್ತುವವರನ್ನು ಕಂಡರೆ ತಮಾಷೆ ಮಾಡುತ್ತಿದ್ದವರು. ಜವಾನ ಮಸಿಯ ಪ್ಯಾಡ್ ತಂದ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು.

ಪರಿಹಾರದ ದುಡ್ಡು ಆಸ್ಪತ್ರೆಯ ಕೈಸಾಲ ತೀರಿಸಿ, ಬಾಕಿ ಬಿದ್ದ ಕಂತು ಕಟ್ಟಿ, ಮುಂದಿನ ಕೆಲವು ತಿಂಗಳಿಗೆ ಆಯಿತು. ಅಲ್ಲಿಂದ ಮುಂದೆ ಮನೆಗೆ ಬರುತ್ತಿದ್ದುದು ನನ್ನ ನೂರ ಹತ್ತು ಮಾತ್ರ. ಕಂತು ನೂರ ನಲವತ್ತು. ಸಹಕಾರ ಸಂಘದ ಗುಮಾಸ್ತರ ಬಳಿ ಹೋಗಿ ಕಂತು ಕಡಿಮೆ ಮಾಡಲು ಕೇಳಿಕೊಂಡೆ. ಅವರು ಕಡತ ತೆಗೆದು ದೊಡ್ಡ ಕಾಗದವನ್ನು ನನ್ನ ಮುಂದಿಟ್ಟರು. "ನಾನೂರ ಮೂವತ್ತು ಸಂಬಳ ಇದ್ದೋರಿಗೆ ಪರಿಹಾರವೂ ಚೆನ್ನಾಗೇ ಬಂದಿರಬೇಕಲ್ಲ?" ಎಂದರು. ವ್ಯಂಗ್ಯವಲ್ಲ. ಅವರ ಮುಂದಿದ್ದ ಅಂಕಿಯನ್ನು ಅವರು ನಂಬಿದ್ದರು, ಅಷ್ಟೇ.

ಮನೆಯನ್ನು ಬಾಡಿಗೆಗೆ ಕೊಡದೆ ದಾರಿಯಿರಲಿಲ್ಲ. ಆದರೆ ಹಂಚಿಕೆಯ ನಿಯಮದ ಪ್ರಕಾರ ಐದು ವರ್ಷ ನಾವೇ ವಾಸವಿರಬೇಕಿತ್ತು. ಬಂದ ಬಾಡಿಗೆದಾರರು ಬಿಜಾಪುರದ ಕಡೆಯಿಂದ ವರ್ಗವಾಗಿ ಬಂದ ಒಬ್ಬ ಸರ್ಕಾರಿ ಅಧಿಕಾರಿ, ಹೆಂಡತಿ, ಇಬ್ಬರು ಮಕ್ಕಳು. ಯಾರಾದರೂ ಕೇಳಿದರೆ ನೆಂಟರು ಎನ್ನುವುದೆಂದು ಮಾತಾಯಿತು. ಬೀದಿಯವರ ಮುಂದೆ ಅಮ್ಮ, "ನಮ್ಮೋರೇ, ದೂರದ ಸಂಬಂಧ," ಎಂದಳು. ಆಕೆಯ ಬೆನ್ನ ಹಿಂದೆಯೇ ಅಧಿಕಾರಿಯ ಹೆಂಡತಿ ಗಾಡಿಯವನಿಗೆ, "ಹಗೂರಕ ಇಳಸಪಾ, ರೊಟ್ಟಿ ಹಂಚು ಒಡದಗಿಡದೀತು," ಎಂದು ಕೂಗಿದರು. ಎಷ್ಟು ದೂರದ ಸಂಬಂಧವೆಂದು ಬೀದಿಗೆ ಗೊತ್ತಾಯಿತು. ಆ ಬೀದಿಯಲ್ಲಿ ಅಂಥ ನೆಂಟರು ಮೂರು ನಾಲ್ಕು ಮನೆಗಳಲ್ಲಿದ್ದರು.

ನಾವು ಪಾಳ್ಯಕ್ಕೆ ಮರಳಿದೆವು. ಹಳೆಯ ವಠಾರದಲ್ಲೇ, ಹಿಂದಿನದಕ್ಕಿಂತ ಚಿಕ್ಕ ಕೋಣೆ. ಪಕ್ಕದ ಮನೆಯಾಕೆ ಅಮ್ಮನನ್ನು ಕಂಡು ತಾವೇ ತಮ್ಮ ಸೆರಗಿನ ಅಂಚಿನಿಂದ ಒಂದು ಚೂರು ಹರಿದು ಕೊಟ್ಟರು, ಕೊಡಕ್ಕೆ ಕಟ್ಟಲು. ಅದು ಹಳದಿ. ಏಳು ತಿಂಗಳು ಕಳೆದ ಮೇಲೆ ಯಜಮಾನರು ಅಪ್ಪನನ್ನು ಕರೆದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂರಿಸಿದರು.

ಬಾಡಿಗೆ ನೂರ ಎಪ್ಪತ್ತೈದು. ಪ್ರತಿ ತಿಂಗಳ ಮೊದಲ ಭಾನುವಾರ ಅಪ್ಪನೂ ನಾನೂ ಅದನ್ನು ತರಲು ಹೋಗುತ್ತಿದ್ದೆವು. ಬಾಡಿಗೆಗಿದ್ದ ಅಧಿಕಾರಿ ಮರ್ಯಾದಸ್ಥರು. ಒಳಗೆ ಕರೆದು ಕೂರಿಸುತ್ತಿದ್ದರು, ಚಹಾ ಬರುತ್ತಿತ್ತು. ನಮ್ಮ ನಡುಮನೆಯಲ್ಲಿ ನಾವು ಅತಿಥಿಗಳಂತೆ ಕೂತಿರುತ್ತಿದ್ದೆವು. ಹಿತ್ತಲಲ್ಲಿ ನಲ್ಲಿ ಹರಿಯುವ ಸದ್ದು ಕೇಳಿಸುತ್ತಿತ್ತು. ಅಪ್ಪ ಒಮ್ಮೊಮ್ಮೆ, "ಯಾರೋ ನಲ್ಲಿ ಬಿಟ್ಟಿದ್ದಾರೆ," ಎಂದು ಮೆಲ್ಲಗೆ ನನಗೆ ಹೇಳುತ್ತಿದ್ದರು, ಎದ್ದು ನಿಲ್ಲಿಸುವ ಹಕ್ಕಿಲ್ಲದವರಂತೆ.

ಆರನೇ ತಿಂಗಳೋ ಏಳನೇ ತಿಂಗಳೋ, ಅಧಿಕಾರಿ ದುಡ್ಡು ಕೊಟ್ಟ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಕೂತರು.

"ಒಂದು ಸಣ್ಣ ಉಪಕಾರ ಆಗಬೇಕಿತ್ರಿ. ಆಫೀಸಿನಿಂದ ನಮಗ ಬಾಡಿಗಿ ಹಣ ಕೊಡ್ತಾರ, ರಸೀದಿ ನೋಡಿ. ನಾವು ಕೊಡೂದು ನೂರಾ ಎಪ್ಪತ್ತೈದು. ರಸೀದಿದಾಗ ಎರಡನೂರಾ ಇಪ್ಪತ್ತು ಅಂತ ಬರದು ಕೊಟ್ರ..." ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. "ನಿಮಗೇನ್ ನುಕ್ಸಾನ ಇಲ್ಲ. ಬರೇ ಕಾಗದದ ಮ್ಯಾಲ."

ಆ ಹೊತ್ತಿಗೆ ಪತ್ರಿಕೆಯಲ್ಲಿ ನನ್ನ ಕೆಲಸ ಕಾಯಂ ಆಗಿತ್ತು. ನಾನು ಪ್ರೂಫ್ ನೋಡಿದ ಪುಟದಲ್ಲಿ ಅಂಕಿ ತಪ್ಪುವುದಿಲ್ಲ ಎಂಬ ಹೆಸರೂ ಬಂದಿತ್ತು. "ಆಗಲ್ಲ ಸಾರ್," ಎಂದು ಹೇಳುವ ಮೊದಲು ಅಪ್ಪ ಎಡಗೈಯನ್ನು ನನ್ನ ಮೊಣಕಾಲಿನ ಮೇಲೆ ಇಟ್ಟರು.

"ಅವ್ರು ಹೋದ್ರೆ ಇನ್ನೊಬ್ಬರು ಸಿಗೋವರ್ಗೂ ಕಂತು ಯಾರು ಕಟ್ತಾರೆ?" ಎಂದರು, ತಗ್ಗಿದ ದನಿಯಲ್ಲಿ. ಆಮೇಲೆ ಎಲ್ಲರಿಗೂ ಕೇಳುವಂತೆ, "ಬರಿಯೋ. ಅವ್ರು ಎಷ್ಟು ಹೇಳ್ತಾರೋ ಅಷ್ಟು ಬರಿ."

ಬರೆದೆ. ಇನ್ನೂರ ಇಪ್ಪತ್ತು ಎಂದು ಅಂಕಿಯಲ್ಲಿ, ಅದರ ಮುಂದೆ ಅಕ್ಷರದಲ್ಲಿ. ಎರಡು ಸಲ ಓದಿ ನೋಡಿದೆ, ಎರಡೂ ಒಂದಕ್ಕೊಂದು ಹೊಂದುತ್ತಿದ್ದವು. ಅಧಿಕಾರಿಯ ಮಗಳು ಒಳಗಿನಿಂದ ಮಸಿಯ ಪ್ಯಾಡ್ ತಂದುಕೊಟ್ಟಳು. ಅಪ್ಪ ರೆವಿನ್ಯೂ ಸ್ಟಾಂಪಿನ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಿದರು, ಮಸಿಯನ್ನು ಒರೆಸಿಕೊಳ್ಳಲು ಸುತ್ತ ನೋಡಿದರು. ಹಿತ್ತಲಿನ ನಲ್ಲಿಗೆ ಹೋಗಿ ತೊಳೆದುಕೊಳ್ಳಬಹುದೇ ಎಂದು ಆ ಮನೆಯವರನ್ನು ಕೇಳಿದರು.